ಪೀಡೆರಸ್: ಗುರುತು ಮತ್ತು ಹೆಸರಿನ ಪ್ರಶ್ನೆ

ಕೆಂಗೇರಿ, ವಿಜಯನಗರಗಳಂಥ ಬಡಾವಣೆಗಳಲ್ಲಿ ಮಳೆ ನಿಂತ ಸಂಜೆ ದೀಪಕ್ಕೆ ಮುತ್ತುವ ಕೀಟಗಳ ನಡುವೆ, ದೊಡ್ಡ ಇರುವೆಯನ್ನು ಹೋಲುವ, ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದದ ಹುಳುವೊಂದು ಕಣ್ಣಿಗೆ ಬೀಳಬಹುದು. ತಲೆ ಕಪ್ಪು, ಎದೆ ಕಿತ್ತಳೆಗೆಂಪು, ಬೆನ್ನ ಮೇಲೆ ನೀಲಿ ಹೊಳಪಿನ ಮೋಟು ಚಿಪ್ಪು, ಹೊಟ್ಟೆ ಮತ್ತೆ ಕೆಂಪು, ತುದಿ ಕಪ್ಪು. 1775ರಲ್ಲಿ ಫ್ಯಾಬ್ರಿಸಿಯಸ್ ಈ ಜಾತಿಯನ್ನು ಪೀಡೆರಸ್ ಎಂದು ಕರೆದನು. (ಕನ್ನಡದ 'ಪೀಡೆ'ಗೂ ಇದಕ್ಕೂ ನಂಟಿಲ್ಲ, ಸಾಮ್ಯ ಆಕಸ್ಮಿಕ.) ಅರುವತ್ತು ಸಾವಿರಕ್ಕೂ ಮಿಕ್ಕ ಪ್ರಭೇದಗಳುಳ್ಳ ಸ್ಟ್ಯಾಫಿಲಿನಿಡೆ ಕುಟುಂಬದ ಈ ಸದಸ್ಯನಿಗೆ ಕನ್ನಡದಲ್ಲಿ ಸರ್ವಸಮ್ಮತವಾದ ಹೆಸರಿಲ್ಲ.

ಇದು ಕೇವಲ ನಿಘಂಟಿನ ಕೊರತೆಯಲ್ಲ. ಈ ಹುಳು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕುಳಿತಾಗ ಹೊಸಕಿದರೆ ಅದರ ದೇಹದ್ರವದಲ್ಲಿರುವ ಪೆಡೆರಿನ್ ಎಂಬ ವಿಷ ತಗುಲಿ, ಒಂದೆರಡು ದಿನಗಳಲ್ಲಿ ಉರಿಯೊಡನೆ ಗೆರೆಗೆರೆಯಾಗಿ ಬೊಬ್ಬೆಗಳೇಳುತ್ತವೆ. ಅದನ್ನು ಸರ್ಪಸುತ್ತೆಂದು ತಪ್ಪಾಗಿ ತಿಳಿದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಹೊಸಕದೆ ಊದಿ ಹಾರಿಸಬೇಕು, ತಗುಲಿದ ಜಾಗವನ್ನು ಸಾಬೂನಿನಿಂದ ತೊಳೆಯಬೇಕು ಎಂದು ಮನೆಮಂದಿಗೆ ತಿಳಿಸುವುದಕ್ಕೂ ಹುಳುವಿಗೊಂದು ಹೆಸರು ಬೇಕಷ್ಟೆ.

ತೊಡಕಿರುವುದು ಇಲ್ಲಿಯೇ. ಪಠ್ಯಗಳ 'ಜೀರುಂಡೆ' ಹಲವರ ಆಡುಮಾತಿನಲ್ಲಿ ಜೀರ್ ಎಂದು ಮೊರೆಯುವ ಬೇರೆಯದೇ ಕೀಟ. 'ದುಂಬಿ' ಕಾವ್ಯದಲ್ಲಿ ಹೂವಿನ ಬಂಡುಣ್ಣುವ ಭ್ರಮರ. 'ಮೋಟುರೆಕ್ಕೆ' ಎನ್ನಲು ಮನಸ್ಸಾಗುತ್ತದೆ, ಆದರೆ ಅದು ವಾಸ್ತವಕ್ಕೆ ದೂರ: ಮೋಟಾದದ್ದು ಹೊರಚಿಪ್ಪು ಮಾತ್ರ, ಹಾರುವ ಹಿಂರೆಕ್ಕೆಗಳು ಪೂರ್ಣಗಾತ್ರದವು, ಚಿಪ್ಪಿನಡಿ ಮಡಿಚಿಕೊಂಡಿರುತ್ತವೆ. ಆದ್ದರಿಂದ ಕುಟುಂಬಕ್ಕೆ 'ಮೋಟುಚಿಪ್ಪಿನ ಹುಳು' ಎಂಬುದೇ ಸರಿಯಾದ ಹೆಸರು. ಜಾತಿಯ ಮಟ್ಟದಲ್ಲಿ ಹೊಸಪದ ಟಂಕಿಸದೆ 'ಪೀಡೆರಸ್' ಎಂದೇ ಉಳಿಸಿಕೊಳ್ಳುವುದು ಮೇಲು. ಲ್ಯಾಟಿನ್ ಹೆಸರುಗಳು ಕನ್ನಡ ಗದ್ಯಕ್ಕೆ ಹೊರೆಯಾಗವೆಂಬುದಕ್ಕೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇದೆ. ಒಬ್ಬರ ಬರಹದಲ್ಲಿ 'ಜಾತಿ'ಯಾದದ್ದು ಇನ್ನೊಬ್ಬರಲ್ಲಿ 'ಕುಲ'ವಾಗುವ ಗೊಂದಲವಂತೂ ಮೊದಲು ನಿಲ್ಲಬೇಕು.

ಗುರುತಿನ ಮಿತಿಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಬಣ್ಣ ಸುಳಿವಷ್ಟೇ, ಇದೇ ಬಣ್ಣದ ಪ್ರಭೇದಗಳು ಹಲವಿದ್ದು, ಅವುಗಳ ನಿರ್ಣಯಕ್ಕೆ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕು. ಈ ಕುಟುಂಬವನ್ನು ಕುರಿತು ಮಾಲ್ಕಮ್ ಕ್ಯಾಮೆರಾನ್ 1930ರಿಂದ 1939ರವರೆಗೆ ಪ್ರಕಟಿಸಿದ ನಾಲ್ಕು ಸಂಪುಟಗಳು ಭಾರತದ ಮಟ್ಟಿಗೆ ಆಧಾರಗ್ರಂಥಗಳಾದರೂ ಇಂಗ್ಲಿಷಿನಲ್ಲಿವೆ, ಬರೆದದ್ದು ತಜ್ಞರಿಗಾಗಿ. ಅವನ್ನು ಅನುವಾದಿಸಹೊರಡುವುದು ವ್ಯರ್ಥಶ್ರಮ. ಜಾತಿಯವರೆಗೆ ಮಾತ್ರ ಕರೆದೊಯ್ಯುವ, ಕೈಮಸೂರ ಹಿಡಿದು ಬಳಸಬಹುದಾದ ನಾಲ್ಕು ಪುಟಗಳ ಕನ್ನಡ ಕೈಪಿಡಿ ಸಾಕು. ಜ್ಞಾನಭಾರತಿಯ ಒಂದೇ ಆವರಣದಲ್ಲಿ ಕನ್ನಡ ಅಧ್ಯಯನ ಕೇಂದ್ರವೂ ಪ್ರಾಣಿಶಾಸ್ತ್ರ ವಿಭಾಗವೂ ಇವೆ. ಆ ನಾಲ್ಕು ಪುಟಗಳಿಗೆ ಒಂದು ಮಳೆಗಾಲ ಸಾಕಾದೀತು.