ಒಳ್ಳೆಯ ಮಕ್ಕಳಿಗೆ ಮಾತ್ರವೇ?

ಡಿಸೆಂಬರ್ ಮೂರನೇ ವಾರ ಬಂತೆಂದರೆ ಹಾರೋಹಳ್ಳಿಯ ಬೇಕರಿಗಳ ಗಾಜಿನ ಮೇಲೂ ಕೆಂಪು ಟೋಪಿಯ ತಾತ ಕಾಣಿಸಿಕೊಳ್ಳುತ್ತಾನೆ. ಮಕ್ಕಳಿಗೆ ಕೆಂಪು ಬಟ್ಟೆ ಹಾಕಿ ಕಳಿಸಿ ಎಂದು ಶಾಲೆಗಳಿಂದ ಪೋಷಕರ ಮೊಬೈಲಿಗೆ ಸಂದೇಶ ಬರುತ್ತದೆ. ಅದರ ಬೆನ್ನಿಗೇ ಎರಡು ಆಕ್ಷೇಪಗಳೂ ಬರುತ್ತವೆ: ಈ ಸಾಂತಾ ತಂಪುಪಾನೀಯದ ಕಂಪನಿಯೊಂದರ ಸೃಷ್ಟಿ ಎಂಬುದು ಒಂದು, ಆತ ಧರ್ಮಪ್ರಚಾರದ ವೇಷ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ತಿಳಿದವರೇ. ಆದರೂ ಎರಡೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಕೋಕಾ ಕೋಲಾಕ್ಕಾಗಿ ಹ್ಯಾಡನ್ ಸಂಡ್‌ಬ್ಲಾಮ್ ಸಾಂತಾನ ಚಿತ್ರ ಬರೆಯತೊಡಗಿದ್ದು 1931ರಲ್ಲಿ. ಆದರೆ 1863ರ ಜನವರಿಯಲ್ಲೇ, ಅಮೆರಿಕದ ಅಂತರ್ಯುದ್ಧದ ನಡುವೆ, ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಸೈನಿಕರಿಗೆ ಉಡುಗೊರೆ ಹಂಚುವ ಸಾಂತಾನನ್ನು ಬರೆದಿದ್ದ. ಎಂಟು ಹಿಮಸಾರಂಗಗಳ ಬಂಡಿ ಇನ್ನೂ ಹಳೆಯದು, 1823ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾದ ಕವಿತೆಯದು. ಕೆಂಪು ಕೋಟೂ 1931ಕ್ಕಿಂತ ಮೊದಲಿನದೇ. ಕಂಪನಿ ಹಲವು ಮುಖಗಳಿದ್ದ ತಾತನ ಒಂದು ಮುಖವನ್ನು ಲೋಕವೆಲ್ಲ ಗುರುತಿಸುವಂತೆ ಮಾಡಿತು. ಅದು ಸಣ್ಣ ಕೆಲಸವಲ್ಲ, ಆದರೆ ಹುಟ್ಟಿಸುವ ಕೆಲಸವೂ ಅಲ್ಲ.

ಧರ್ಮಪ್ರಚಾರದ ಮಾತಿಗೆ ಉತ್ತರ ಹತ್ತಿರದಲ್ಲೇ ಇದೆ. ಕನಕಪುರ ತಾಲ್ಲೂಕಿನ ಹಾರೋಬೆಲೆ ಹಳೆಯ ಕ್ರೈಸ್ತ ಊರು. ಕಥೋಲಿಕರ ಕ್ರಿಸ್‌ಮಸ್ಸಿನಲ್ಲಿ ನಡುವೆ ಇರುವುದು ಗೋದಲಿ, ಅದರೊಳಗಿನ ಹುಲ್ಲು, ದನಕುರಿ, ಕೂಸು. ಆಮೇಲೆ ರಾತ್ರಿಯ ಬಲಿಪೂಜೆ. ತಾತ ಇದ್ದರೂ ಮೂಲೆಯಲ್ಲಿರುತ್ತಾನೆ. ಅವನ ಆಳ್ವಿಕೆ ಹೆಚ್ಚು ಕಾಣುವುದು ಬೆಂಗಳೂರಿನ ಮಾಲುಗಳಲ್ಲಿ. ಚರಿತ್ರೆಯೂ ಇದನ್ನೇ ಹೇಳುತ್ತದೆ. ಸಂತರ ಆರಾಧನೆಯನ್ನು ಒಪ್ಪದ 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು ಉಡುಗೊರೆ ತರುವವನ ಸ್ಥಾನದಿಂದ ಈ ತಾತನ ಮೂಲವಾದ ಸಂತ ನಿಕೋಲಾಸನನ್ನು ಇಳಿಸಿ ಬಾಲಯೇಸುವನ್ನು ಕೂರಿಸಲು ನೋಡಿದ್ದರು. ಕ್ರೈಸ್ತರೊಳಗೇ ತಕರಾರಿಗೆ ಒಳಗಾದ ತಾತನನ್ನು ಕ್ರೈಸ್ತಧರ್ಮದ ರಾಯಭಾರಿ ಎನ್ನುವುದು ಕಷ್ಟ.

ಹಾಗಿದ್ದರೆ ತಾತನ ಬಗ್ಗೆ ನನಗೆ ತಕರಾರೇ ಇಲ್ಲವೇ? ಇದೆ. ಅದು ಅವನನ್ನು ಮೆಚ್ಚುವವರೂ ಟೀಕಿಸುವವರೂ ಸಾಮಾನ್ಯವಾಗಿ ಮುಟ್ಟದ ಜಾಗದಲ್ಲಿದೆ.

ನಿಕೋಲಾಸ್ 4ನೇ ಶತಮಾನದಲ್ಲಿ, ಈಗಿನ ಟರ್ಕಿಯ ಕರಾವಳಿಯ ಮೈರಾದಲ್ಲಿ ಬಿಷಪ್ ಆಗಿದ್ದವನು. ಅವನ ಜೀವನದ ಬಗ್ಗೆ ಖಚಿತವಾಗಿ ತಿಳಿದಿರುವುದು ಕಡಿಮೆ, ಕಥೆಗಳು ಹೆಚ್ಚು. ಅವುಗಳಲ್ಲಿ ಬಹಳ ಹೆಸರಾದದ್ದು ವರದಕ್ಷಿಣೆಯ ಕಥೆ. ಬಡತನಕ್ಕೆ ಬಿದ್ದ ಒಬ್ಬನಿಗೆ ಮೂವರು ಹೆಣ್ಣುಮಕ್ಕಳು. ಮದುವೆ ಮಾಡಿಕೊಡಲು ಕೈಯಲ್ಲಿ ಕಾಸಿಲ್ಲ, ಮಕ್ಕಳನ್ನು ಮಾರಬೇಕಾದ ಗತಿ. ನಿಕೋಲಾಸ್ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋಗುತ್ತಾನೆ, ಒಬ್ಬೊಬ್ಬಳಿಗೆ ಒಂದೊಂದು. ಹೆಣ್ಣು ಹೆತ್ತವರ ಈ ಸಂಕಟ ನಮ್ಮ ಸೀಮೆಗೆ ವಿವರಿಸಿ ಹೇಳಬೇಕಾದದ್ದಲ್ಲ. ಗಮನಿಸಬೇಕಾದದ್ದು, ಆ ಹುಡುಗಿಯರು ಒಳ್ಳೆಯವರೇ, ಹೇಳಿದ ಮಾತು ಕೇಳುವವರೇ ಎಂದು ಕಥೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ಅವರಿಗೆ ಬೇಕಿತ್ತು, ಅವನು ಕೊಟ್ಟ.

ಇಂದಿನ ತಾತ ಹಾಗಲ್ಲ. ಅವನು ಲೆಕ್ಕ ಇಡುತ್ತಾನೆ, ಒಳ್ಳೆಯ ಮಕ್ಕಳಿಗೆ ಮಾತ್ರ ಕೊಡುತ್ತಾನೆ. ಈ ಬದಲಾವಣೆಗೆ ವ್ಯಾಪಾರಿಗಳನ್ನು ದೂರುವುದು ಸುಲಭ, ಆದರೆ ಪುರಾವೆ ಬೇರೆ ಹೇಳುತ್ತದೆ. ಡಚ್ ಚಿತ್ರಕಾರ ಯಾನ್ ಸ್ಟೀನ್ 1660ರ ದಶಕದಲ್ಲಿ ಬರೆದ ನಿಕೋಲಾಸ್ ಹಬ್ಬದ ಚಿತ್ರವೊಂದಿದೆ. ಅದರಲ್ಲಿ ಪುಟ್ಟ ಹುಡುಗಿ ಉಡುಗೊರೆಯನ್ನು ಅವುಚಿಕೊಂಡು ನಿಂತಿದ್ದಾಳೆ; ಬೂಟಿನೊಳಗೆ ಬೆತ್ತ ಸಿಕ್ಕಿದ ಹುಡುಗ ಅಳುತ್ತಿದ್ದಾನೆ. ಆಗ ತಂಪುಪಾನೀಯದ ಕಂಪನಿ ಇರಲಿಲ್ಲ, ಮಾಲೂ ಇರಲಿಲ್ಲ. ಸಂತನ ಕೈಗೆ ಬೆತ್ತ ಕೊಟ್ಟವರು ಮನೆಯ ಹಿರಿಯರೇ, ಬಹುಶಃ ಮಕ್ಕಳನ್ನು ಹದ್ದಿನಲ್ಲಿಡುವ ಅನುಕೂಲಕ್ಕೆ.

ಇದರಿಂದ ಹಾನಿ ಏನು ಎಂದು ನೀವು ಕೇಳಬಹುದು. ಹಾರೋಹಳ್ಳಿಯ ಒಂದೇ ತರಗತಿಯಲ್ಲಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುವವರ ಮಗುವೂ ಇರಬಹುದು, ಜಮೀನು ಮಾರಿ ಅನುಕೂಲಸ್ಥರಾದವರ ಮಗುವೂ ಇರಬಹುದು. ಒಂದಕ್ಕೆ ರಿಮೋಟ್ ಕಾರು, ಇನ್ನೊಂದಕ್ಕೆ ಹತ್ತು ರೂಪಾಯಿಯ ಚಾಕೊಲೇಟು. ಅಪ್ಪ ಕೊಡಿಸಿದ್ದು ಎಂದರೆ ಮಗು ಅಪ್ಪನ ಜೇಬನ್ನು ಅರ್ಥಮಾಡಿಕೊಳ್ಳುತ್ತದೆ; ಮಕ್ಕಳಿಗೆ ಆ ತಿಳಿವಳಿಕೆ ಬೇಗ ಬರುತ್ತದೆ. ಆದರೆ ನಡತೆ ನೋಡಿ ತಾತ ಕೊಟ್ಟಿದ್ದು ಎಂದರೆ, ಚಾಕೊಲೇಟು ಸಿಕ್ಕ ಮಗು ತನ್ನ ಬಗ್ಗೆ ಏನೆಂದುಕೊಳ್ಳಬೇಕು? ಬಡತನವನ್ನು ನಡತೆಯ ದೋಷವೆಂದು ಓದಲು ಇಷ್ಟು ಎಳೆಯ ವಯಸ್ಸಿನಲ್ಲಿ ಕಲಿಸುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತದೆ ಎಂಬ ಚಿಂತೆಯೂ ಕೆಲವರಿಗಿದೆ. ಅದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಹತ್ತಿಯ ಗಡ್ಡದ ಹಿಂದಿರುವುದು ಪಿ.ಟಿ. ಮೇಷ್ಟ್ರು ಎಂದು ಒಂದನೇ ತರಗತಿಯವರೂ ಕೂಗಿ ಹೇಳುತ್ತಾರೆ, ಹೇಳಿ ಕೈಯನ್ನೂ ಚಾಚುತ್ತಾರೆ. ಅಲ್ಲದೆ ಆಟಿಕೆಗಳು ಉತ್ತರ ಧ್ರುವದಲ್ಲಿ ತಯಾರಾಗುವುದಿಲ್ಲ ಎಂದು ತೋರಿಸುವುದು ನಮ್ಮ ಜಿಲ್ಲೆಯಲ್ಲಿ ಸುಲಭ. ಚನ್ನಪಟ್ಟಣದಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ, ಒಣಗರಿಯಿಂದ ತಿಕ್ಕಿದಾಗ ಹೊಳೆಯುತ್ತದೆ. ಅದನ್ನು ಕಣ್ಣಾರೆ ಕಂಡ ಮಗುವಿಗೆ ತಾತನ ಕಥೆಯಲ್ಲಿ ಸೊಗಸು ಕಡಿಮೆಯಾಗುತ್ತದೆ ಎಂದು ನನಗನಿಸುವುದಿಲ್ಲ.

ಆದ್ದರಿಂದ ವೇಷ ಬಿಡಿಸಿ ಎಂದು ನಾನು ಶಾಲೆಗಳನ್ನು ಕೇಳಲಾರೆ. ಚೀಲ ಬಿಚ್ಚುವಾಗ ‘ಯಾರು ಒಳ್ಳೆಯ ಮಕ್ಕಳು?’ ಎಂದು ಕೇಳುವುದನ್ನು ಬಿಟ್ಟು, ಎಲ್ಲರಿಗೂ ಒಂದೇ ಬಗೆಯದನ್ನು ಕೊಟ್ಟರೆ ಸಾಕು. ಒಳ್ಳೆಯ ನಡತೆಗೆ ಬಹುಮಾನ ಬೇಡವೇ ಎಂದರೆ, ಬೇಕು. ಅದಕ್ಕೆ ಶಾಲಾ ವಾರ್ಷಿಕೋತ್ಸವವಿದೆ. ಅಲ್ಲಿ ಕೊಡುವವರ ಹೆಸರೂ ಕೊಟ್ಟ ಕಾರಣವೂ ಮೈಕಿನಲ್ಲಿ ಕೇಳಿಸುತ್ತದೆ, ಒಪ್ಪದ ಪೋಷಕರು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ ಪ್ರಶ್ನಿಸಲೂಬಹುದು.