ಕೀಳುವ ಕೈ, ನೆಡುವ ಕೈ

ಸ್ವಾತಂತ್ರ್ಯವು ಎಲ್ಲಿದೆಯೆಂದು ಕೇಳಿದರೆ ಕೆಲವರು ಬೀದಿಯ ಮೆರವಣಿಗೆಯನ್ನು ತೋರಿಸುತ್ತಾರೆ. ಶಾಂತಿಪ್ರಿಯರೆನಿಸಿಕೊಂಡ ಇನ್ನು ಕೆಲವರು ಮೆರವಣಿಗೆಯೇ ಸಲ್ಲದು, ತೆಪ್ಪಗಿರುವುದೇ ಸಜ್ಜನಿಕೆಯೆಂದು ಉಪದೇಶಿಸುತ್ತಾರೆ. ವಾಚಕರೇ, ಇವರಿಬ್ಬರ ಮಾತೂ ಪೂರ್ಣಸತ್ಯವಲ್ಲವೆಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿಯಾಗಿದೆ.

ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಅದಕ್ಕೆ ನೀಲಗಿರಿ ಮರವನ್ನೊದಗಿಸಲೆಂದು 1984ರಲ್ಲಿ ಸರಕಾರವು ಅದರೊಡನೆ ಪಾಲುಗೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿತು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಅದಕ್ಕೊಪ್ಪಿಸುವ ಯೋಜನೆಯಾಯಿತು. ಕಾಗದದಲ್ಲಿ ಅದು ಬೀಳುಭೂಮಿ. ಬಡವನಿಗಾದರೋ ಅದೇ ದನದ ಮೇವು, ಒಲೆಯ ಕಟ್ಟಿಗೆ, ತಿಪ್ಪೆಯ ತಪ್ಪಲು. ಶ್ರೀ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಇದನ್ನು ಪ್ರತಿಭಟಿಸಿತು; ಡಾ. ಶಿವರಾಮ ಕಾರಂತರೂ ಜೊತೆಗೂಡಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತರು. ಬದಲಿಗೆ ಊರಿಗೆ ಬೇಕಾದ ಸಸಿಗಳನ್ನು ನೆಟ್ಟರು. 'ಕಿತ್ತಿಕೋ–ಹಚ್ಚಿಕೋ' ಎಂಬುದೇ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು.

ಈ ಹೆಸರನ್ನು ಎರಡು ಸಲ ಓದಿರಿ. ಕೀಳುವುದು 'ಬೇಡ' ಎನ್ನುವ ಹಕ್ಕು. ಹಚ್ಚುವುದು 'ಇದು ಬೇಕು, ಇದರ ಹೊಣೆ ನನ್ನದು' ಎನ್ನುವ ಪ್ರತಿಜ್ಞೆ. ಮೊದಲನೆಯದು ಮಾತ್ರವಿದ್ದರೆ ಅದು ಕೋಪ; ಎರಡೂ ಕೂಡಿದರೆ ಸ್ವಾತಂತ್ರ್ಯ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದರ ಕುಸಿದಾಗ ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿ ಬಿತ್ತು. ಅಗ್ನಿಶಾಮಕ ವಾಹನವೂ ಉರಿಯಿತು. ವರ್ಷದ ಬೆವರು ಒಂದೇ ದಿನದಲ್ಲಿ ಅಗ್ಗವಾದರೆ ರೈತನು ಸಿಟ್ಟಾಗಬಾರದೇ? ಆಗಲೇಬೇಕು. ಆದರೆ ಆ ವಾಹನವು ನಾಳೆ ಯಾರ ಬಣವೆಯನ್ನು ಉಳಿಸಲು ಓಡಬೇಕಾಗಿತ್ತು? ರೈತನದನ್ನೇ ಅಲ್ಲವೇ? ಅಂದು ದರದ ಪ್ರಶ್ನೆಯೂ ಹೊಗೆಯಲ್ಲಿ ಮಸುಕಾಯಿತು.

ಹಾಗೆಂದು ಮೌನದ ಉಪದೇಶಕರು ಹಿಗ್ಗಬೇಕಾಗಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಬೇಡಿದ ರೈತರ ಮೇಲೆ ಗುಂಡು ಹಾರಿತು. ಇಬ್ಬರು ಪ್ರಾಣ ತೆತ್ತರು. ಕೇಳುವವನನ್ನು ಕೊಲ್ಲುವ ವ್ಯವಸ್ಥೆಯ ಎದುರು ಮೌನವು ಸಜ್ಜನಿಕೆಯಲ್ಲ, ಶರಣಾಗತಿ.

ಹಾಗಾದರೆ ಕೀಳುವ ಕೈಗೆ ನೆಡುವ ಶಕ್ತಿ ಎಲ್ಲಿಂದ ಬರಬೇಕು? ದಿನನಿತ್ಯದ ಬದುಕಿನಿಂದಲೇ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದರು. ಆ ಯಾತ್ರಿಕರಿಗೆ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ನಿತ್ಯದ ಕಡ್ಡಾಯ ನಿಯಮಗಳಾಗಿದ್ದವು. ಉಪ್ಪಿನ ಕಾಯಿದೆಯನ್ನು ಮುರಿಯಹೊರಟವರು ತಮ್ಮ ನಿಯಮವನ್ನು ಮಾತ್ರ ಮುರಿಯಲಿಲ್ಲ. ತನ್ನನ್ನು ಆಳಿಕೊಳ್ಳಲಾರದವನು ಪರರ ಆಳ್ವಿಕೆಯನ್ನು ಧಿಕ್ಕರಿಸಿದರೆ ಒಡೆಯನು ಬದಲಾಗುತ್ತಾನೆಯೇ ಹೊರತು ದಾಸ್ಯವಲ್ಲ.

ಆದ್ದರಿಂದ ಬಾಂಧವರೇ, ನಿಮ್ಮ ಮನೆಯನ್ನೇ ನೋಡಿರಿ. ವಿಧಾನಸೌಧದ ಮುಂದೆ ಹಕ್ಕು ಕೇಳುವ ನಾವು, ಮಗಳು ತನ್ನ ಮದುವೆಯ ಬಗ್ಗೆ 'ಬೇಡ' ಎಂದಾಗ ಕೇಳುತ್ತೇವೆಯೇ? ಬೆಲೆಗಾಗಿ ಘೋಷಣೆ ಕೂಗುವ ನಾವು, ಕಳೆ ತೆಗೆದ ಹೆಣ್ಣಾಳಿಗೆ ಸಂಜೆ ಪೂರ್ಣ ಕೂಲಿ ಎಣಿಸಿಕೊಡುತ್ತೇವೆಯೇ? ಸರಕಾರದ ಲೆಕ್ಕ ಕೇಳುವ ನಾವು, ಗ್ರಾಮಸಭೆಯ ದಿನ ಎಲ್ಲಿರುತ್ತೇವೆ? ಕಾಯಕದ ಘನತೆಯನ್ನು ಮಠದ ಅಂಗಳದಲ್ಲಿ ಕಲಿತವರಿಗೆ ಈ ಪ್ರಶ್ನೆಗಳು ಹೊಸವೇನಲ್ಲ. ಉತ್ತರ ಮಾತ್ರ ಬಾಕಿ ಉಳಿದಿದೆ.

ಪ್ರತಿಭಟಿಸಿರಿ, ಅನ್ಯಾಯದ ಬೇರನ್ನು ಹೆಸರು ಮರೆಸದೆ ಹಗಲಿನಲ್ಲೇ ಕೀಳಿರಿ. ಆದರೆ ಬರಿಗೈಯಲ್ಲಿ ಹೋಗದಿರಿ, ನೆಡಲು ಒಂದು ಸಸಿಯೂ ಜೊತೆಗಿರಲಿ. ಮತ್ತು ಮೆರವಣಿಗೆ ಮುಗಿದ ಮರುದಿನ, ಯಾರೂ ನೋಡದಿರುವಾಗಲೂ, ಅದಕ್ಕೆ ನೀರೆರೆಯಿರಿ.