ಮನೆ ಹೋದರೂ ಮುಗಿಯದ ಸಾಲ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಮನೆ ಕಟ್ಟುವ ಕಷ್ಟವನ್ನು ಅವರು ಚೆನ್ನಾಗಿ ಬಲ್ಲವರು. ಆದರೆ ಆ ಮನೆಯನ್ನು ಸಾಲ ಕೊಟ್ಟವನು ಕೊಂಡೊಯ್ದ ಮೇಲೂ ಅದೇ ಮನೆಯ ಸಾಲವನ್ನು ತೀರಿಸುತ್ತ ಕೂರಬೇಕಾದ ಕಷ್ಟಕ್ಕೆ ಅವರು ಗಾದೆ ಕಟ್ಟಲಿಲ್ಲ. ಅಂಥ ಕಷ್ಟವೂ ಲೋಕದಲ್ಲಿದೆ.

ಈ ವರ್ಷ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಸಾಲದ ವಿಚಾರ ಪಾಠ ಮಾಡುತ್ತ ಅಮೆರಿಕದ ‘ಮೊಬೈಲ್ ಹೋಮ್’ ಎಂಬ ಮನೆಗಳ ಮಾತೆತ್ತಿದರು. ಮನೆಗೆ ಚಕ್ರ ಎಂದೊಡನೆ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಸಂಜೆ ಊರಿನ ಬಸ್ಸಿನಲ್ಲಿ ಕುಳಿತಾಗ ಆ ನಗೆ ನನ್ನಲ್ಲಿ ಉಳಿದಿರಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಮನೆ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಅಡಿಯಲ್ಲಿ ಉಕ್ಕಿನ ಚೌಕಟ್ಟು, ಅದಕ್ಕೆ ಚಕ್ರ. ಲಾರಿಯ ಹಿಂದೆ ಕಟ್ಟಿ ಎಳೆದು ತಂದು ಒಂದು ಜಾಗದಲ್ಲಿ ನಿಲ್ಲಿಸುತ್ತಾರೆ. 1976ರ ಜೂನ್ 15ರಿಂದ ಇವುಗಳ ನಿರ್ಮಾಣಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ನಿಯಮಾವಳಿ ಜಾರಿಯಲ್ಲಿದೆ. ಹೆಸರಿಗೆ ಚಲಿಸುವ ಮನೆಯಾದರೂ, ಒಮ್ಮೆ ನಿಂತದ್ದು ಮತ್ತೆ ಚಲಿಸುವುದು ಅಪರೂಪ. ಸಾಗಿಸುವ ವೆಚ್ಚವೇ ಸಾವಿರಾರು ಡಾಲರು. ಸಾಮಾನ್ಯ ಮನೆ ಕೊಳ್ಳಲಾರದ ಕೂಲಿಕಾರರು, ವೃದ್ಧರು, ಸಣ್ಣ ಸಂಬಳದವರು ಇವುಗಳಲ್ಲಿ ವಾಸಿಸುತ್ತಾರೆ. ಎಷ್ಟೋ ಕಡೆ ಮನೆ ಇವರದು, ಕೆಳಗಿನ ನೆಲ ಇನ್ನೊಬ್ಬರದು. ಆ ನೆಲಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು.

ನೆಲವಿಲ್ಲದ ಮನೆಯನ್ನು ಕಾನೂನು ಸಾಮಾನ್ಯವಾಗಿ ಸ್ಥಿರಾಸ್ತಿಯೆಂದು ಎಣಿಸದೆ, ಕಾರಿನಂತೆ ಚರಾಸ್ತಿಯೆಂದು ಎಣಿಸುತ್ತದೆ. ಎಲ್ಲ ತೊಡಕೂ ಇಲ್ಲಿಂದಲೇ ಮೊದಲು. ಚರಾಸ್ತಿಯ ಮೇಲಿನ ಸಾಲಕ್ಕೆ ಬಡ್ಡಿ ಹೆಚ್ಚು. ನೆಲದ ಬೆಲೆ ಏರುವಂತೆ ಈ ಮನೆಯ ಬೆಲೆ ಏರುವುದೂ ಕಡಿಮೆ. ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಗೇ ಹೋಗುವುದರಿಂದ ಅಸಲು ಕರಗುವುದು ನಿಧಾನ. ಹೀಗೆ ಸಾಲ ಮೇಲೆ, ಬೆಲೆ ಕೆಳಗೆ.

ಮನೆಯೊಡೆಯನ ಕೆಲಸ ಹೋಯಿತೆನ್ನಿ, ಕಂತು ನಿಲ್ಲುತ್ತದೆ. ಸಾಲ ಕೊಟ್ಟವರು ಮನೆಯನ್ನು ವಶಪಡಿಸಿಕೊಂಡು ಮಾರುತ್ತಾರೆ. ಒಂದು ಲೆಕ್ಕವನ್ನು ಊಹಿಸೋಣ. ಉಳಿದ ಸಾಲ 52,000 ಡಾಲರು. ಮಾರಾಟದಲ್ಲಿ ಬಂದದ್ದು 25,000. ಸಾಗಣೆ, ಮಾರಾಟ, ವಕೀಲರ ವೆಚ್ಚ 4,000. ಆಗ ಬಾಕಿ 31,000 ಡಾಲರು. ತಲೆಯ ಮೇಲೆ ಸೂರಿಲ್ಲ, ಆದರೆ ಸೂರಿನ ಸಾಲವಿದೆ. ನ್ಯಾಯಾಲಯದ ತೀರ್ಪು ಪಡೆದರೆ ಅವನ ಸಂಬಳದಲ್ಲಿಯೇ ಮುರಿದುಕೊಳ್ಳಬಹುದು. ಸಾಮಾನ್ಯವಾಗಿ ಕಡಿತಗಳನ್ನು ಕಳೆದು ಉಳಿದ ಸಂಬಳದ ನಾಲ್ಕನೆಯ ಒಂದು ಭಾಗದವರೆಗೆ.

ಸಾಲ ಕೊಟ್ಟವರ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಕೊಟ್ಟದ್ದು ಹಣ, ಮನೆ ಅದಕ್ಕೆ ಆಧಾರ ಮಾತ್ರ. ಆಧಾರ ಸಾಲದಿದ್ದರೆ ಕೊಟ್ಟ ಮಾತು ಸುಳ್ಳಾಗಬೇಕೆ? ಆ ಹಣ ಬಹುಶಃ ಯಾರೋ ವಿಧವೆಯ, ನಿವೃತ್ತ ಗುಮಾಸ್ತರ ಠೇವಣಿ. ವಸ್ತು ಒಪ್ಪಿಸಿದೊಡನೆ ಸಾಲ ತೀರಿತೆಂದರೆ ಬಡವನಿಗೆ ಸಾಲವೇ ಹುಟ್ಟದೆ ಹೋದೀತು. ಈ ವಾದದಲ್ಲಿ ಸತ್ಯವಿಲ್ಲವೆನ್ನಲಾರೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಾರುವವರು ಯಾರು? ಸಾಲ ಕೊಟ್ಟವರೇ. ಎಷ್ಟಕ್ಕೆ, ಯಾರಿಗೆ, ಯಾವಾಗ ಎಂದು ಗೊತ್ತುಮಾಡುವವರೂ ಅವರೇ. ಕಡಿಮೆ ಬೆಲೆಗೆ ಹೋದರೆ ನಷ್ಟ ಮಾತ್ರ ಇನ್ನೊಬ್ಬನ ತಲೆಗೆ! ತಾನು ಎಚ್ಚರ ತಪ್ಪಿದರೆ ತನಗೆ ನಷ್ಟವಿಲ್ಲ ಎಂದಿರುವಲ್ಲಿ ಮನುಷ್ಯ ಎಚ್ಚರವಾಗಿರುವುದು ಕಷ್ಟ. ಅಮೆರಿಕದ ವಾಣಿಜ್ಯ ಸಂಹಿತೆಯ 9ನೆಯ ಭಾಗ ಇದನ್ನು ಮನಗಂಡಿದೆ. ಮುಂಚಿತವಾಗಿ ತಿಳಿಸಬೇಕು, ವ್ಯಾಪಾರದ ದೃಷ್ಟಿಯಿಂದ ಯುಕ್ತವಾದ ರೀತಿಯಲ್ಲಿ ಮಾರಬೇಕು, ಹೆಚ್ಚು ಬಂದರೆ ಹಿಂದಕ್ಕೆ ಕೊಡಬೇಕು ಎಂಬುದು ಅದರ ವಿಧಿ. ವಿಧಿ ತಪ್ಪಿದರೆ ಬಾಕಿ ಕಡಿಮೆಯಾಗಬಹುದು. ಆದರೆ ಅದನ್ನು ಹೇಳಲು ಸಾಲ ಪಡೆದವನು ನ್ಯಾಯಾಲಯಕ್ಕೆ ಹೋಗಬೇಕು. ಮನೆ ಕಳೆದುಕೊಂಡವನು ವಕೀಲರನ್ನು ಎಲ್ಲಿಂದ ತಂದಾನು?

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿನ ಕೆಲವು ರಾಜ್ಯಗಳು ಇನ್ನೂ ಮುಂದೆ ಹೋದವು. 1933ರಲ್ಲಿ ಉತ್ತರ ಕ್ಯಾರೊಲಿನ, ಅಡಮಾನದ ಆಸ್ತಿಯನ್ನು ಸಾಲ ಕೊಟ್ಟವನೇ ಹರಾಜಿನಲ್ಲಿ ಕೊಂಡಾಗ ಅದರ ನಿಜವಾದ ಬೆಲೆಯನ್ನು ತೋರಿಸಿ ಬಾಕಿಯನ್ನು ಎದುರಿಸುವ ಹಕ್ಕನ್ನು ಸಾಲ ಪಡೆದವನಿಗೆ ಕೊಟ್ಟಿತು. 1937ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಇದರಿಂದ ಲೇವಾದೇವಿಯೇನೂ ನಿಂತುಹೋಗಲಿಲ್ಲ.

ಇನ್ನು ನನ್ನ ನಗೆ ಅಡಗಿದ ಕಾರಣ. ನಮ್ಮ ಚಿಕ್ಕಪ್ಪ ಸಾಲ ಮಾಡಿ ಸರಕಿನ ಆಟೋ ಕೊಂಡಿದ್ದರು. ಅಪ್ಪ ಜಾಮೀನು ನಿಂತರು. ಚಿಕ್ಕಪ್ಪನಿಗೆ ಕಾಯಿಲೆಯಾಗಿ ಕಂತು ತಪ್ಪಿತು. ಗಾಡಿಯನ್ನು ಎಳೆದುಕೊಂಡು ಹೋದರು. “ಹೋದರೆ ಹೋಗಲಿ, ಋಣ ಹರಿಯಿತು” ಎಂದು ಅಜ್ಜಿ ನಿಟ್ಟುಸಿರಿಟ್ಟರು. ಐದು ತಿಂಗಳ ಮೇಲೆ ಅಪ್ಪನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಗಾಡಿ ಮಾರಾಟವಾಗಿದೆ, ಇನ್ನೂ 1,40,000 ರೂಪಾಯಿ ಬಾಕಿ ಎಂದು ಅದರಲ್ಲಿತ್ತು. ಎಷ್ಟಕ್ಕೆ ಮಾರಿದರು ಎಂಬುದು ಇರಲಿಲ್ಲ. ಅಪ್ಪ ಅದನ್ನು ದೇವರ ಪಟದ ಹಿಂದೆ ಇಟ್ಟರು. ಹಬ್ಬಕ್ಕೆ ಚಿಕ್ಕಪ್ಪ ಮನೆಗೆ ಬರುವುದು ನಿಂತಿತು.

ನಮ್ಮ ಕಾನೂನಿನಲ್ಲಿಯೂ ಈ ಬಾಕಿಗೆ ಎಡೆಯಿದೆ. 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು ಆಧಾರದ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಮಾರಿದ ಮೇಲೆ ಉಳಿದ ಬಾಕಿಯನ್ನು ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಕೇಳಬಹುದು. 1872ರ ಕರಾರು ಕಾಯ್ದೆಯ 128ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲ ಪಡೆದವನ ಹೊಣೆಯಷ್ಟೇ. ಆದರೆ ಅದೇ ಕಾಯ್ದೆಯ 141ನೆಯ ಕಲಮು, ಆಧಾರದ ವಸ್ತುವಿನ ಪ್ರಯೋಜನ ಜಾಮೀನುದಾರನಿಗೂ ಸಲ್ಲುತ್ತದೆಂದೂ, ಸಾಲ ಕೊಟ್ಟವನು ಅದನ್ನು ಕಳೆದರೆ ಅಥವಾ ಅವನ ಒಪ್ಪಿಗೆಯಿಲ್ಲದೆ ಕೈಬಿಟ್ಟರೆ ಅದರ ಬೆಲೆಯಷ್ಟು ಹೊಣೆ ಇಳಿಯುತ್ತದೆಂದೂ ಹೇಳುತ್ತದೆ. ಮೊದಲನೆಯ ಕಲಮನ್ನು ಅಪ್ಪನಿಗೆ ಹೇಳುವವರು ಅನೇಕರಿದ್ದರು. ಎರಡನೆಯದನ್ನು ಹೇಳಿದವರು ಯಾರೂ ಇಲ್ಲ.

ಸಾಲಕ್ಕೆ ಒಂದು ಮೇರೆ ಬೇಕೆಂಬುದು ನಮಗೆ ಹೊಸ ವಿಚಾರವಲ್ಲ. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂಬ ‘ದಾಮದುಪಟ’ ನಿಯಮ ಹಿಂದೂ ಧರ್ಮಶಾಸ್ತ್ರದಲ್ಲಿದೆ. ಧಾರವಾಡ, ಬೆಳಗಾವಿಗಳು ಸೇರಿದ್ದ ಹಳೆಯ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಅದನ್ನು ಮಾನ್ಯ ಮಾಡಿದ್ದವು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಸಾಲ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಸ್ತುವನ್ನು ಮಾರುವ ಮುನ್ನ ಸಾಲ ಪಡೆದವನಿಗೂ ಜಾಮೀನುದಾರನಿಗೂ ಅವರ ಭಾಷೆಯಲ್ಲಿ ತಿಳಿಸಬೇಕು. ಹೆಚ್ಚು ಬೆಲೆಗೆ ಕೊಳ್ಳುವವನನ್ನು ಕರೆತರಲು ಅವರಿಗೆ ಅವಕಾಶವಿರಬೇಕು. ಮಾರಿದ ಮೇಲೆ ಪೂರ್ಣ ಲೆಕ್ಕ ಕೊಡಬೇಕು. ಬಾಕಿಯಲ್ಲಿ ಕಳೆಯಬೇಕಾದದ್ದು ವಸ್ತುವಿನ ನ್ಯಾಯವಾದ ಬೆಲೆ. ಅವಸರದ ಹರಾಜಿನಲ್ಲಿ ಕೂಗಿದ ಬೆಲೆಯಲ್ಲ. ವಾಸದ ಒಂದೇ ಮನೆ, ಅನ್ನ ಕೊಡುವ ಒಂದೇ ಗಾಡಿ ಹೋದ ಮೇಲೆ ಉಳಿದ ನಷ್ಟದಲ್ಲಿ ಸಾಲ ಕೊಟ್ಟವರೂ ಪಾಲುಗಾರರಾಗಬೇಕು. ಅಳೆದು ನೋಡಿ ಕೊಟ್ಟವರು ಅವರೇ ಅಲ್ಲವೆ?

ಮಿತ್ರರೆ, ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರು. ನಮ್ಮ ತಂದೆತಾಯಿಗಳು ಹೆಬ್ಬೆಟ್ಟು ಒತ್ತುವ, ಸಹಿ ಹಾಕುವ ಕಾಗದಗಳನ್ನು ಓದಿ ಹೇಳಲಾರದ ವಿದ್ಯೆ ಯಾತಕ್ಕೆ? ಕಳೆದ ತಿಂಗಳು ದೇವರ ಪಟದ ಹಿಂದಿನ ಕಾಗದವನ್ನು ತೆಗೆದು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮಾರಾಟದ ಲೆಕ್ಕ ಕೊಡಿರೆಂದು ಅವರ ಹೆಸರಿನಲ್ಲಿ ಒಂದು ಪತ್ರ ಬರೆದು ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಇನ್ನೂ ಬಂದಿಲ್ಲ. ಆದರೆ ಈ ಯುಗಾದಿಗೆ ಚಿಕ್ಕಪ್ಪನನ್ನು ಊಟಕ್ಕೆ ಕರೆಯಬೇಕೆಂದು ಅಪ್ಪ ಹೇಳಿದ್ದಾರೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ